ಸಾಬಣ್ಣ ಅರೆದ ರಬ್ಬರು

ಕುಕ್ಕರಿನ ರಿಂಗು ಸಡಿಲವಾಗಿ ಸೀಟಿ ಕೂಗದೆ ಬರೀ ನಿಟ್ಟುಸಿರು ಬಿಡತೊಡಗಿತ್ತು. ಹೊಸದೊಂದು ತರೋಣವೆಂದು ಕಳೆದ ತಿಂಗಳು ರಾಯಚೂರಿನ ಪೇಟೆಯಲ್ಲಿ ರಬ್ಬರ್ ಸಾಮಾನಿನ ಅಂಗಡಿಗೆ ಹೋದೆ. ಹೋದವಳು ಸುಮ್ಮನೆ ದುಡ್ಡು ಕೊಟ್ಟು ಬರಬೇಕೋ ಬೇಡವೋ? ರಿಂಗನ್ನು ಎಳೆದು ನೋಡಿದೆ, ಉಗುರಿನಿಂದ ಒತ್ತಿದೆ, ಕೊನೆಗೆ ಮೂಗಿಗೆ ಹಿಡಿದು ಮೂಸಿದೆ. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

"ಮೇಡಮ್ಮಾರ, ಅದು ಕುಕ್ಕರ್ ರಿಂಗ್ ಅದರೀ, ಕನ್ಯಾ ನೋಡಿದಂಗ ನೋಡಾಕತ್ತೀರಲ್ಲ! ನಿಮ್ಮಂಗ ಮೂಸಿ ನೋಡಾವ ಇನ್ನೊಬ್ಬ ಅದಾನ. ದೇವದುರ್ಗದಾಗ ಪಂಕ್ಚರ್ ಅಂಗಡಿ ಸಾಬಣ್ಣ. ಅರಕೇರಾದಾವ. ಪ್ಯಾಚ್ ಒಯ್ಯಾಕ ಬಂದ್ರ ಮೂಸದ ಒಯ್ಯಂಗೇ ಇಲ್ಲ."

ಆ ಹೆಸರು ನನಗೆ ಗೊತ್ತಿತ್ತು. ಸಾಬಣ್ಣ ಎಲ್ಲೋ ಮುಂಬೈಗೋ ಪುಣೆಗೋ ದುಡಿಯಲು ಹೋಗಿದ್ದಾನೆ, ಇನ್ನು ಸಿಗುವುದಿಲ್ಲ ಎಂದು ನಾನು ಇಪ್ಪತ್ತು ವರ್ಷಗಳಿಂದ ನಂಬಿಕೊಂಡಿದ್ದೆ. ನಂಬಲು ಅನುಕೂಲವಾಗಿತ್ತು ಎನ್ನುವುದೇ ಸರಿ. ಮನುಷ್ಯ ಒಂದೂವರೆ ತಾಸಿನ ದಾರಿಯಲ್ಲೇ ಇದ್ದ.

ನಿಮಗೆ ಸಾಬಣ್ಣ ಯಾರೆಂದು ಹೇಳಬೇಕಾದರೆ ಮೊದಲು ಭತ್ತದ ವಿಷಯ ಹೇಳಬೇಕು. ಶೇಂಗಾ ಬೀಜವನ್ನು ಎರಡು ಅಂಗೈಗಳ ನಡುವೆ ತಿಕ್ಕಿ ಸಿಪ್ಪೆ ಬಿಡಿಸುತ್ತೇವಲ್ಲ, ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟು ಬಿಡಿಸುವುದೂ ಹಾಗೆಯೇ. ಅಂಗೈಗಳ ಬದಲು ಎರಡು ರಬ್ಬರ್ ಉರುಳೆಗಳು. ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗುತ್ತವೆ. ರಬ್ಬರು ಮೆತ್ತಗಾದರೆ ಸುಗ್ಗಿ ಮುಗಿಯುವ ಮೊದಲೇ ಉರುಳೆ ಸವೆದು ಹೋಗುತ್ತದೆ, ಗಟ್ಟಿಯಾದರೆ ಅಕ್ಕಿ ನುಚ್ಚಾಗುತ್ತದೆ. ಮಾನ್ವಿ ಕಡೆಯ ಗಿರಣಿಗಳಿಗೆ ಇಂಥ ಉರುಳೆ ಮಾಡಿಕೊಡುವ ಸಣ್ಣ ಕಾರ್ಖಾನೆಯೊಂದು ರಾಯಚೂರಿನ ಹೊರಗಿತ್ತು. ಅಲ್ಲಿ ರಬ್ಬರ್ ಪರೀಕ್ಷೆ ಮಾಡುವ ಕೆಲಸ ನನ್ನದು. ಆಗ ನನಗೆ ಇಪ್ಪತ್ತೆರಡು. ಬಾಗಲವಾಡದ ನಮ್ಮ ಓಣಿಯಲ್ಲಿ ಡಿಪ್ಲೊಮಾ ಮುಗಿಸಿದ ಮೊದಲ ಹುಡುಗಿ ನಾನೇ. ಆ ಜಂಬವನ್ನು ನಾನು ಮನೆಯಲ್ಲಿ ಬಿಟ್ಟು ಬರುತ್ತಿರಲಿಲ್ಲ, ಊಟದ ಡಬ್ಬಿಯ ಜೊತೆಗೆ ದಿನಾ ಕಾರ್ಖಾನೆಗೂ ತರುತ್ತಿದ್ದೆ.

ಸಾಬಣ್ಣ ರಬ್ಬರ್ ಅರೆಯುವವನು. ಎರಡು ದಪ್ಪ ಕಬ್ಬಿಣದ ಉರುಳೆಗಳ ನಡುವೆ ಹಸಿ ರಬ್ಬರು ಹಾಕಿ, ಕಪ್ಪು ಪುಡಿ, ಗಂಧಕ, ಇನ್ನೇನೇನೋ ಸುರಿದು, ಚಾಕುವಿನಿಂದ ಕೊಯ್ದು ಮಡಚಿ ಮತ್ತೆ ಅರೆಯುವುದು. ಸಂಜೆಯ ಹೊತ್ತಿಗೆ ಅವನ ಹಲ್ಲು ಬಿಟ್ಟರೆ ಮೈಯೆಲ್ಲ ಕಪ್ಪು. ಹದ ಬಂದಾಗ ರಬ್ಬರಿನೊಳಗಿನ ಗಾಳಿ ಪಟಪಟ ಒಡೆಯುತ್ತದೆ. ಅದನ್ನು ಕೇಳಿಯೇ ಅವನು, "ಸಾಕು, ಇನ್ನ ಇಳಿಸ್ರಿ" ಎನ್ನುತ್ತಿದ್ದ. ನನಗೆ ಇದೆಲ್ಲ ಹಾಸ್ಯವಾಗಿ ಕಾಣುತ್ತಿತ್ತು. ನನ್ನ ಹತ್ತಿರ ಮಖಮಲ್ಲಿನ ಡಬ್ಬಿಯಲ್ಲಿ ಗಟ್ಟಿತನ ಅಳೆಯುವ ಮೀಟರಿತ್ತು. ಪ್ರತಿ ಪಾಳಿಯ ರಬ್ಬರಿನಿಂದ ಬಿಸ್ಕತ್ತಿನಷ್ಟು ತುಂಡನ್ನು ಬಿಸಿ ಅಚ್ಚಿನಲ್ಲಿಟ್ಟು ಬೇಯಿಸಿ ಗಟ್ಟಿ ಮಾಡಿ, ಅದರ ಮೇಲೆ ಮೀಟರ್ ಒತ್ತಿದರೆ ಮುಳ್ಳು ಒಂದು ಅಂಕಿ ತೋರಿಸುತ್ತಿತ್ತು. ಎಂಬತ್ತೈದರ ಮೇಲೆ ಬಂದರೆ ಪಾಸು. ಕೆಳಗೆ ಬಂದರೆ ಆ ಪಾಳಿಯ ಮಾಲೆಲ್ಲ ಮೂಲೆಗೆ.

ಆ ಬೇಸಿಗೆಯಲ್ಲಿ ಮಾಲೀಕರು ನನಗೆಂದೇ ಒಂದು ಹೊಸ ಕೋಣೆ ಕಟ್ಟಿಸಿಕೊಟ್ಟರು. ಪಡುವಣ ದಿಕ್ಕಿಗೆ ದೊಡ್ಡ ಕಿಟಕಿ, ಕಿಟಕಿಗೆ ನುಣುಪಾದ ಕಲ್ಲಿನ ಕಟ್ಟೆ. ಬೇಯಿಸಿದ ತುಂಡುಗಳನ್ನು ಆ ಕಟ್ಟೆಯ ಮೇಲೆ ಸಂಡಿಗೆ ಒಣಹಾಕಿದಂತೆ ನಂಬರಿನ ಪ್ರಕಾರ ಜೋಡಿಸಿ, ಕಚೇರಿಯ ಕಾಗದದ ಕೆಲಸವೆಲ್ಲ ಮುಗಿಸಿಕೊಂಡು ಸಂಜೆ ನಾಲ್ಕಕ್ಕೆ ಅಳೆಯುತ್ತಿದ್ದೆ. ಅಂಕಿ ಎಂಬತ್ತಕ್ಕೆ ಬಂತು. ಮರುದಿನ ಎಪ್ಪತ್ತೊಂಬತ್ತು. ಹತ್ತು ದಿನ ಹೀಗೇ ಆಯಿತು. ಕಪ್ಪು ಪುಡಿ ಕಡಿಮೆಯಾದರೆ ರಬ್ಬರು ಹೀಗೆ ಮೆತ್ತಗಾಗುತ್ತದೆ. ಮಾಲೀಕರು ಸಾಬಣ್ಣನನ್ನು ಕರೆಸಿ, ಎಲ್ಲರ ಮುಂದೆ, "ಪುಡಿ ಕಡಿಮಿ ಹಾಕಿ ಎಲ್ಲಿ ಮಾರಾಕತ್ತೀಲೇ?" ಎಂದು ಕೇಳಿದರು. ಅಂಕಿಗಳ ಹಾಳೆ ನನ್ನ ಕೈಯಲ್ಲಿತ್ತು. ಅಂದೇ ಅವನನ್ನು ಕೆಲಸದಿಂದ ತೆಗೆದರು.

ಅವನ ಜಾಗಕ್ಕೆ ಬಂದವನ ರಬ್ಬರೂ ಎಪ್ಪತ್ತೊಂಬತ್ತೇ. ಒಂದು ದಿನ ನಾನು ಬೆಳಿಗ್ಗೆ ಬೇಗ ಬಂದು, ಹಿಂದಿನ ಸಂಜೆ ಫೇಲಾಗಿದ್ದ ತುಂಡಿನ ಮೇಲೆ ಸುಮ್ಮನೆ ಮೀಟರ್ ಒತ್ತಿದೆ. ಎಂಬತ್ತೇಳು. ಮೀಟರೇ ಕೆಟ್ಟಿತೆಂದು ಅಲುಗಾಡಿಸಿ ಮತ್ತೆ ಒತ್ತಿದೆ. ಎಂಬತ್ತೇಳೇ. ಸಂಜೆ ನಾಲ್ಕಕ್ಕೆ ಅದೇ ತುಂಡನ್ನು ಎತ್ತಿಕೊಂಡೆ. ಬೆರಳು ಚುರ್ರೆಂದಿತು. ಆಗ ನೋಡಿದೆ, ಕಿಟಕಿಯಿಂದ ಬಿಸಿಲು ನೇರವಾಗಿ ಕಟ್ಟೆಯ ಮೇಲೆ ಬೀಳುತ್ತಿತ್ತು. ರಾಯಚೂರಿನ ಮೇ ತಿಂಗಳ ಬಿಸಿಲು. ಕಾದ ರಬ್ಬರು ಮೆತ್ತಗಾಗುತ್ತದೆ, ತುಂಡನ್ನು ನೆರಳಿನಲ್ಲಿ ಆರಿಸಿಯೇ ಅಳೆಯಬೇಕು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು! ಯಾರೂ ಏನೂ ಕದ್ದಿರಲಿಲ್ಲ.

ಮುಂದೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ತುಂಡುಗಳನ್ನು ಒಳಗಿನ ಕಪಾಟಿಗೆ ಸಾಗಿಸಿ ಸುಮ್ಮನಾದೆ. ಮರುದಿನದಿಂದ ಅಂಕಿ ಸರಿಹೋಯಿತು. "ನೋಡ್ರಿ, ಕಳ್ಳ ಹೋದದ್ದ ಹೋದ, ಹೊಸಬಗೂ ಅಂಜಿಕಿ ಬಂತು, ಮಾಲ್ ಸುಧಾರಿಸ್ತು" ಎಂದು ಮಾಲೀಕರು ನಕ್ಕರು. ನಾನು ತಲೆಯಾಡಿಸಿದೆ. ಅವರು ಈಗಿಲ್ಲ, ಆ ಕಾರ್ಖಾನೆಯೂ ಇಲ್ಲ. ನಾನು ಮಾತ್ರ ಹುಡುಗರಿಗೆ ಪಾಠ ಹೇಳುವ ಕೆಲಸ ಹಿಡಿದು, ಪ್ರತಿ ವರ್ಷ ಈ ಪಾಠ ಬಂದಾಗ ಹೆಸರು ಮರೆಮಾಚಿ ಅವನ ಕತೆ ಹೇಳುತ್ತೇನೆ. "ಪಾಪ, ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ" ಎಂದು ದನಿ ಇಳಿಸಿ ಮುಗಿಸುತ್ತೇನೆ. ಹುಡುಗಿಯರ ಕಣ್ಣು ಒದ್ದೆಯಾಗುತ್ತದೆ. ಚೆನ್ನಾಗಿ ಹೇಳುತ್ತೇನೆಂದು ನನಗೆ ಒಳಗೊಳಗೇ ಹೆಮ್ಮೆ.

ರಿಂಗು ಕೊಂಡ ಮರುದಿನವೇ ದೇವದುರ್ಗದ ಬಸ್ಸು ಹತ್ತಿದೆ. ಸಾಬಣ್ಣ ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ತೂತು ಹುಡುಕುತ್ತಿದ್ದ. ಮೀಸೆ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದ. "ಯವ್ವಾ, ನೀವೇನ್ರೀ! ಬರ್ರಿ, ಕೂಡ್ರಿ" ಎಂದು ಸ್ಟೂಲು ಒರೆಸಿದ. ಅವನ ಹೆಂಡತಿ ಹನುಮವ್ವ ಚಹಾ ತಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಕಿಟಕಿ, ಬಿಸಿಲು, ನನ್ನ ತಪ್ಪು.

ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಬಿಸಲಾಗ ಇಟ್ಟೀರಿ ಅಂತ ನಾ ಅವಾಗೇ ಹೇಳಿದ್ನಲ್ರೀ" ಎಂದ.

"ಯಾರಿಗೆ?"

"ನಿಮಗರೀ. ಮೂರು ಸಲ ನಿಮ್ಮ ಖೋಲಿಗಿ ಬಂದು ಹೇಳೀನಿ."

ಇಲ್ಲ, ನೀನು ಏನೂ ಹೇಳಿರಲಿಲ್ಲ ಎಂದೆ. ಅವನು ಮತ್ತೆ ಟ್ಯೂಬು ಮುಳುಗಿಸಿದ. ಹನುಮವ್ವನಿಗೆ ತಡೆಯಲಾಗಲಿಲ್ಲ.

"ನೀವೇನಂದ್ರಿ ಅನ್ನೋದೂ ಮರತ್ರೇನ್ರೀ? 'ಹೆಬ್ಬೆಟ್ಟು ಒತ್ತಾವ ನನಗ ಕಲಸಾಕ ಬರಬ್ಯಾಡ' ಅಂದ್ರಂತ. ಅವತ್ತ ಮನಿಗಿ ಬಂದು ಊಟಾನೂ ಮಾಡ್ಲಿಲ್ಲ ಇವ್ರು."

"ಬಿಡ ಬೇ, ಹಳೇದು" ಎಂದ ಸಾಬಣ್ಣ.

ನಾನು ಹಾಗೆ ಅಂದಿರಲಾರೆ. ನನ್ನ ಡಿಪ್ಲೊಮಾದ ಅರ್ಜಿಯ ಮೇಲೆ ನಮ್ಮಪ್ಪನದೂ ಹೆಬ್ಬೆಟ್ಟೇ. ಅಪ್ಪನ ಬೆರಳನ್ನು ಶಾಯಿಗೆ ಅದ್ದಿ ಒತ್ತಿಸಿದವಳು ನಾನೇ. ನೆನಪನ್ನು ಎಷ್ಟು ಕೆದಕಿದರೂ ಆ ಮಾತು ಸಿಗಲಿಲ್ಲ. ಟವೆಲ್ಲು ಹಾಕಿಕೊಂಡು ಹೋಗುವ ಅವನ ಬೆನ್ನಷ್ಟೇ ಕಂಡಿತು. ಏನು ಮಾಡಿದರೆ ಇದು ಸರಿಹೋದೀತು ಎಂದು ಕೇಳಿದೆ.

"ನಮ್ಮೂರಿಗಿ, ಅರಕೇರಾಕ್ಕ ಬಂದು ಹೇಳ್ರಿ" ಎಂದಳು ಹನುಮವ್ವ. "ಇವ್ರ ಅಣ್ಣ ಕಳ್ಳ ಅಂದು ಮನಿಯಿಂದ ಹೊರಗ ಹಾಕಿದ. ಅದಕ್ಕ ನಾವು ಇಲ್ಲಿ ಬಂದು ಬಿದ್ದೀವಿ. ನಾ ಹೇಳಿದ್ರ ಯಾರೂ ನಂಬಂಗಿಲ್ಲ. ಅಳತಿ ಮಾಡಿದವ್ರು ನೀವು, ನೀವು ಹೇಳ್ರಿ."

ಆ ಮಧ್ಯಾಹ್ನವೇ ಹೋದೆವು. ಬೇವಿನ ಕಟ್ಟೆಯ ಮೇಲೆ ಸಾಬಣ್ಣನ ಅಣ್ಣ ಕೂತಿದ್ದ, ಸುತ್ತ ಏಳೆಂಟು ಜನ. ಸಾಬಣ್ಣ ಹತ್ತಿರ ಬರದೆ ದೂರದಲ್ಲೇ ನಿಂತ. ನಾನು ಹೇಳಿದೆ: ಇವನು ಏನನ್ನೂ ಕದ್ದಿಲ್ಲ, ತಪ್ಪು ಅಳತೆ ಮಾಡಿದವಳು ನಾನು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ.

ಅಣ್ಣ ತಮ್ಮನತ್ತ ಬೆರಳು ತೋರಿಸಿದ. "ಮತ್ತ ಇವಾ ಯಾಕ ಸುಮ್ನ ಬಂದ? ಅಲ್ಲೇ ಹೇಳಬೇಕಿಲ್ಲೇನು?"

"ಹೇಳಿದ್ದ. ಮೂರು ಸಲ ನನಗೆ ಹೇಳಿದ್ದ."

"ಅದಕ್ಕ ನೀವೇನಂದ್ರಿ?"

ಕಟ್ಟೆಯ ಮೇಲಿದ್ದವರಲ್ಲಿ ಎಷ್ಟು ಜನಕ್ಕೆ ಅಕ್ಷರ ಬರುತ್ತಿತ್ತೋ ನನಗೆ ಗೊತ್ತಿಲ್ಲ. ಹನುಮವ್ವ ಹೇಳಿದ ಹೆಬ್ಬೆಟ್ಟಿನ ಮಾತನ್ನು ಇದ್ದದ್ದು ಇದ್ದ ಹಾಗೆ ನನ್ನ ಬಾಯಿಂದ ಜೋರಾಗಿ ಹೇಳಿದೆ. ನನ್ನದೇ ದನಿ ನನ್ನ ಕಿವಿಗೆ ಬಿತ್ತು, ಆಗ ಎಲ್ಲ ನೆನಪಾಯಿತು. ಸಾಬಣ್ಣ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕಪ್ಪು ಅಂಗೈಯ ಮೇಲೆ ಒಂದು ತುಂಡು ಇಟ್ಟುಕೊಂಡು, "ಒಮ್ಮಿ ಮುಟ್ಟಿ ನೋಡ್ರಿ ಯವ್ವಾ, ಬಿಸಿ ಅದ" ಅನ್ನುತ್ತಿದ್ದ. ಆ ಮಾತು ಅಂದಾಗ ನಾನು ತಲೆ ಎತ್ತಿ ಅವನ ಮುಖ ಕೂಡ ನೋಡಿರಲಿಲ್ಲ.