ಚಕ್ರಕ್ಕೆ ಇಟ್ಟ ಕುಂಕುಮ

ಆ ವರ್ಷ ನಾನು ಡಿಸ್ಕ್ ಬ್ರೇಕ್‌ಗಳ ಬಗ್ಗೆ ಓದಿದಷ್ಟು ಬೇರೆ ಯಾವುದರ ಬಗ್ಗೆಯೂ ಓದಲಿಲ್ಲ. ಸೈಕಲ್ ನನ್ನದಲ್ಲ, ನನ್ನ ಗಂಡನದು. ಹ್ಯೂಸ್ಟನ್ನಿನ ಕಂಪನಿ ಅವರನ್ನು ಕೆಲಸದಿಂದ ತೆಗೆದ ಮೇಲೆ ನಾವು ಆಸ್ಟಿನ್ನಿಗೆ ಶಿಫ್ಟ್ ಆಗಿದ್ದೆವು. ಅಲ್ಲಿ ಒಂದು ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸಣ್ಣ ಸಣ್ಣ ವಸ್ತುಗಳ ಅಳತೆ ತೆಗೆದು ಬರೆದಿಡುವ ಕೆಲಸ. ಅವರ ವೀಸಾ ನನ್ನ ವೀಸಾವನ್ನು ಅವಲಂಬಿಸಿದ ಡಿಪೆಂಡೆಂಟ್ ವೀಸಾ ಆಯಿತು. ಅದರಲ್ಲಿ ಅವರು ಈ ದೇಶದಲ್ಲಿ ಇರಬಹುದಿತ್ತು, ದುಡಿಯುವಂತಿರಲಿಲ್ಲ.

ಮೊದಲ ತಿಂಗಳು ಅವರು ಅಡುಗೆ ಕಲಿತರು. ಎರಡನೆಯ ತಿಂಗಳು ಗಡ್ಡ ತೆಗೆಯುವುದನ್ನು ಬಿಟ್ಟರು. ಆಮೇಲೆ ಮಾತು ಕಡಿಮೆಯಾಯಿತು. ನಾನು ಸಂಜೆ ಮನೆಗೆ ಬಂದಾಗ ಬೆಳಿಗ್ಗೆ ಬಿಟ್ಟು ಹೋದ ಕುರ್ಚಿಯಲ್ಲೇ ಇರುತ್ತಿದ್ದರು. ಶನಿವಾರ ಮಾತ್ರ ಬೇರೆಯಾಗಿತ್ತು. ಹಳೆಯ ಮೌಂಟನ್ ಬೈಕನ್ನು ಕಾರಿಗೆ ಹಾಕಿಕೊಂಡು ಊರ ಮಧ್ಯದ ತೊರೆಯ ಪಕ್ಕದ ಕಲ್ಲುದಾರಿಗೆ ಹೋಗುತ್ತಿದ್ದೆವು. ನಾನು ಕಾರಿನಲ್ಲಿ ಕೂತು ಓದುತ್ತಿದ್ದೆ. ಅವರು ಎರಡು ಗಂಟೆ ಬಿಟ್ಟು ಮೈಯೆಲ್ಲ ಸುಣ್ಣಕಲ್ಲಿನ ಬಿಳಿ ಧೂಳು ಮೆತ್ತಿಕೊಂಡು ಬರುತ್ತಿದ್ದರು. ಆ ಸಂಜೆ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಯಾವ ತಿರುವಿನಲ್ಲಿ ಏನಾಯಿತೆಂದು ಒಂದು ಗಂಟೆಯಾದರೂ ಹೇಳುತ್ತಿದ್ದರು. ವಾರದಲ್ಲಿ ನನಗೆ ಗಂಡನಿದ್ದದ್ದು ಆ ಒಂದು ಗಂಟೆ.

ಜೂನ್‌ನಲ್ಲಿ ಒಂದು ಸಲ ಮೊಣಕೈ ತರಚಿಕೊಂಡು ಬಂದರು.

"ನೀರು ದಾಟಿದ್ಮೇಲೆ ಬ್ರೇಕ್ ಹಿಡಿಯೋದೇ ಇಲ್ಲ ಕಣೇ. ಸಾಕು, ಇನ್ಮೇಲೆ ಹೋಗಲ್ಲ."

ಗಾಯಕ್ಕಿಂತ ಆ ಮಾತಿಗೆ ನಾನು ಹೆದರಿದೆ. ಮರುದಿನವೇ ಓದಲು ಶುರು ಮಾಡಿದೆ.

ಹಳೆಯ ಬ್ರೇಕಿನ ರಬ್ಬರು ರಿಮ್ಮನ್ನು ಹಿಡಿಯುತ್ತಿತ್ತು. ರಿಮ್ಮು ಒದ್ದೆಯಾದರೆ, ಕೆಸರಾದರೆ ಹಿಡಿತ ಹೋಗುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಚಕ್ರದ ನಡುವಿನ ಹಬ್‌ಗೆ ಒಂದು ತೆಳ್ಳನೆಯ ಉಕ್ಕಿನ ತಟ್ಟೆ ಇರುತ್ತದೆ. ಕ್ಯಾಲಿಪರ್ ಎಂಬ ಸಣ್ಣ ಡಬ್ಬಿಯೊಳಗಿನ ಎರಡು ಪ್ಯಾಡುಗಳು ಅದನ್ನು ಒತ್ತಿ ಹಿಡಿಯುತ್ತವೆ. ತಟ್ಟೆ ನೆಲದಿಂದ ಮೇಲಿರುವುದರಿಂದ ನೀರು, ಕೆಸರು ಅಷ್ಟಾಗಿ ತಾಗುವುದಿಲ್ಲ. ಇದರಲ್ಲಿ ಎರಡು ಬಗೆ. ಒಂದು ದ್ರವದ ಒತ್ತಡದಿಂದ ಕೆಲಸ ಮಾಡುವುದು, ಇನ್ನೊಂದು ಕೇಬಲಿನದು. ದ್ರವದ್ದು ಮೃದು, ಹಿಡಿತವೂ ಹೆಚ್ಚು. ಆದರೆ ಅದರೊಳಗೆ ಗಾಳಿ ಸೇರಿದರೆ ತೆಗೆಯಬೇಕು, ಕೆಲವು ದ್ರವಗಳು ಚೆಲ್ಲಿದರೆ ಬಣ್ಣವನ್ನೇ ತಿನ್ನುತ್ತವೆ. ಬಾಡಿಗೆ ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ನನ್ನಿಂದ ಅದು ಆಗದು. ಕೇಬಲಿನದನ್ನು ನಾನೇ ಬಿಚ್ಚಿ ನಾನೇ ಜೋಡಿಸಬಲ್ಲೆ. ಪ್ಯಾಡು ಸವೆದಂತೆ ಒಂದು ತಿರುಪನ್ನು ಒಂದೆರಡು ಹಲ್ಲು ತಿರುಗಿಸಿದರಾಯಿತು. ಕೇಬಲಿನದನ್ನೇ ಆರಿಸಿದೆ. ಅದಕ್ಕೆ ಹೊಂದುವ ಚಕ್ರಗಳನ್ನೂ ತರಿಸಿದೆವು.

ಕ್ಯಾಲಿಪರನ್ನು ತಟ್ಟೆಗೆ ನೇರವಾಗಿ ಕೂರಿಸುವುದೇ ಕಷ್ಟದ ಕೆಲಸ. ನಡುವೆ ದಪ್ಪ ಕಾಗದ ತೂರಿಸಿ, ಹ್ಯಾಂಡಲಿನ ಬ್ರೇಕ್ ಲಿವರ್ ಹಿಡಿದು, ಬೋಲ್ಟ್ ಬಿಗಿ ಮಾಡಬೇಕು. ವಿಸಿಟಿಂಗ್ ಕಾರ್ಡಿನ ದಪ್ಪ ಸರಿಹೋಗುತ್ತದೆ ಎಂದು ಓದಿದ್ದೆ. ಅವರು ಒಳಗೆ ಹೋಗಿ ಹ್ಯೂಸ್ಟನ್ ಕಂಪನಿಯ ಕಾರ್ಡುಗಳ ಡಬ್ಬಿಯನ್ನೇ ತಂದು ಮುಂದಿಟ್ಟರು.

"ತಗೋ. ಪ್ಯಾಕೇ ಒಡೆದಿಲ್ಲ. 'ಸೀನಿಯರ್' ಅಂತ ಬೇರೆ ಬರೆದಿದೆ, ಚೆನ್ನಾಗಿ ಹಿಡಿಯುತ್ತೆ."

"ಒಂದು ಸಾಕು ರೀ."

"ಎರಡು ಹಾಕು. ನನಗೆ ಅಲ್ಲಿ ಡಬಲ್ ಡ್ಯೂಟಿ ಇತ್ತು."

ಎಷ್ಟೋ ತಿಂಗಳ ಮೇಲೆ ಅವರು ತಮಾಷೆ ಮಾಡಿದ್ದು ಅದೇ ಮೊದಲು. ಹೊಸ ಬ್ರೇಕು ಪಳಗುವುದಕ್ಕೆ ವೇಗವಾಗಿ ಹೋಗಿ ನಿಧಾನಿಸುವುದನ್ನು ಇಪ್ಪತ್ತು ಸಲವಾದರೂ ಮಾಡಬೇಕು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅವರು ಸೈಕಲ್ ಹೊಡೆಯುತ್ತಿದ್ದರು, ನಾನು ಎಣಿಸುತ್ತಿದ್ದೆ. ಅಲ್ಲಿಂದ ಮುಂದೆ ಅವರು ಶನಿವಾರದ ಜೊತೆ ಬುಧವಾರವೂ ಹೋಗತೊಡಗಿದರು. ಗಡ್ಡ ತೆಗೆದರು. ನಾನು ಪ್ರತಿ ವಾರ ಆಲ್ಕೋಹಾಲಿನಲ್ಲಿ ತಟ್ಟೆ ಒರೆಸುತ್ತಿದ್ದೆ, ಪ್ಯಾಡಿನ ದಪ್ಪ ಅಳೆದು ನೋಡುತ್ತಿದ್ದೆ. ತಟ್ಟೆಗೆ ಯಾರೂ ಬೆರಳು ತಾಗಿಸಬಾರದೆಂದು ನಿಯಮ ಮಾಡಿದ್ದೆ. ಬೆರಳಿನ ಜಿಡ್ಡು ಸಾಕು, ಹಿಡಿತ ಕೆಡುತ್ತದೆ.

ಆಯುಧಪೂಜೆಯ ಹಿಂದಿನ ದಿನ ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನಿಂದ ಆಂಟಿ ಫೋನ್ ಮಾಡಿದರು. ಅವರು ನನ್ನ ಅತ್ತೆಯ ಬಾಲ್ಯದ ಗೆಳತಿ.

"ಕಾರಿಗೆ ಪೂಜೆ ಮಾಡ್ತೀಯಲ್ಲಮ್ಮಾ? ನಿಂಬೆಹಣ್ಣು ಇದೆಯಾ? ಸೈಕಲ್ಲಿಗೂ ಮಾಡು, ಪಾಪ, ಅವನು ಅದರ ಮೇಲೇ ಇರ್ತಾನಂತೆ."

"ಮಾಡ್ತೀನಿ ಆಂಟಿ."

"ಕುಂಕುಮಾನ ಕೊಬ್ಬರಿ ಎಣ್ಣೇಲಿ ಕಲಸಿ ಹಚ್ಚು. ಒಣ ಕುಂಕುಮ ಇಲ್ಲಿ ನಿಲ್ಲಲ್ಲ, ಎಲ್ಲಾ ಉದುರೋಗುತ್ತೆ."

ಹಾಗೆಯೇ ಮಾಡಿದೆ. ಮನೆಯ ಏಸಿಯ ತಂಪಿಗೆ ಕೊಬ್ಬರಿ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿತ್ತು. ಕುಂಕುಮ ಒಳ್ಳೆಯ ಮುಲಾಮಿನಂತಾಯಿತು. ಹ್ಯಾಂಡಲಿಗೆ, ಸೀಟಿನ ಕೆಳಗೆ ಹಚ್ಚಿದೆ. ನಮ್ಮ ಮನೆಯಲ್ಲಿ ಚಕ್ರಕ್ಕೆ ಇಡದೆ ಗಾಡಿಪೂಜೆ ಮುಗಿಯುವುದಿಲ್ಲ. ತಟ್ಟೆಗೆ ತಾಗದ ಹಾಗೆ, ಎರಡೂ ಚಕ್ರಗಳ ಹಬ್‌ನ ತುದಿಗೆ, ತಟ್ಟೆಯನ್ನು ಹಿಡಿದ ಬೋಲ್ಟುಗಳಿಂದ ಒಳಕ್ಕೆ, ಒಂದೊಂದು ದಪ್ಪ ಬೊಟ್ಟು ಇಟ್ಟೆ. ಎರಡು ದಿನ ಅದು ಇಟ್ಟ ಹಾಗೆಯೇ ಇತ್ತು.

ಶನಿವಾರ ಬೆಳಿಗ್ಗೆ ನನಗೆ ಲ್ಯಾಬಿನಲ್ಲಿ ಅರ್ಧ ದಿನದ ಕೆಲಸ ಬಂತು. ಹೊತ್ತು ಉಳಿಯಲೆಂದು ಚಕ್ರ ಬಿಚ್ಚಿ ಸೈಕಲ್ಲನ್ನು ಮೊದಲೇ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋದೆ. ತಟ್ಟೆ ಬಾಗಬಾರದೆಂದು ಆ ಮಗ್ಗುಲು ಮೇಲೆ ಬರುವಂತೆ ಚಕ್ರಗಳನ್ನು ಮಲಗಿಸಿದ್ದೆ. ಕಾರು ನಾಲ್ಕು ಗಂಟೆ ಬಿಸಿಲಿನಲ್ಲಿ ನಿಂತಿತ್ತು. ಅಕ್ಟೋಬರಾದರೂ ಟೆಕ್ಸಸ್ಸಿನ ಬಿಸಿಲು. ಮಧ್ಯಾಹ್ನ ಅವರನ್ನು ಮನೆಯಿಂದ ಹತ್ತಿಸಿಕೊಂಡು ಕಲ್ಲುದಾರಿಗೆ ಹೋದೆ. ಅವರೇ ಚಕ್ರ ಜೋಡಿಸಿದರು, ಪಾರ್ಕಿಂಗಿನಲ್ಲಿ ಒಂದು ಸುತ್ತು ಹೊಡೆದರು, ಕೈಯೆತ್ತಿ ಹೊರಟರು. ನಾನು ಪುಸ್ತಕ ತೆರೆದೆ.

ಹತ್ತು ಪುಟ ಓದಿರಲಿಲ್ಲ. ನಾಯಿ ಹಿಡಿದುಕೊಂಡಿದ್ದ ಹೆಂಗಸೊಬ್ಬಳು ಓಡುತ್ತ ಬಂದು, ಕೆಳಗೆ ಬಿದ್ದಿರುವ ಇಂಡಿಯನ್ ನಿನ್ನವನೇ ಎಂದು ಕೇಳಿದಳು. ಮೊದಲ ಇಳಿಜಾರಿನ ಕೊನೆಯಲ್ಲಿ, ಬಂಡೆಯ ಮೆಟ್ಟಿಲಿನ ಕೆಳಗೆ ಬಿದ್ದಿದ್ದರು. ಬಲಗೈ ಮಣಿಕಟ್ಟು ಎರಡು ಕಡೆ, ಭುಜದ ಮುಂದಿನ ಮೂಳೆ ಒಂದು ಕಡೆ ಮುರಿದಿತ್ತು. ಪ್ರಜ್ಞೆ ಇತ್ತು.

ಮರುವಾರ ಆಂಟಿ, ಅಂಕಲ್ ಡ್ರೈವ್ ಮಾಡಿಕೊಂಡು ಬಂದರು. ಆಂಟಿ ಹುಳಿಪುಡಿ, ಚಟ್ನಿಪುಡಿ ತಂದಿದ್ದರು.

"ಸದ್ಯ, ಪೂಜೆ ಮಾಡಿದ್ದೆಯಲ್ಲ, ಕೈಗೆ ಹೋಯ್ತು. ಇಲ್ಲದಿದ್ರೆ ತಲೆಗೇ ಬರ್ತಿತ್ತು."

"ಅವನು ಹೆಲ್ಮೆಟ್ ಹಾಕಿದ್ದ ಕಣೇ," ಎಂದರು ಅಂಕಲ್.

"ಹೆಲ್ಮೆಟ್ಟಿಗೂ ಪೂಜೆ ಮಾಡಿರ್ತಾಳೆ ಬಿಡಿ."

ನನ್ನ ಗಂಡ ಗೋಡೆಯ ಕಡೆ ತಿರುಗಿ ಮಲಗಿದ್ದರು. ಆರು ವಾರ ಪ್ಲಾಸ್ಟರ್ ಇತ್ತು. ಮೂಳೆ ಡಾಕ್ಟರು ಪ್ರತಿ ಸಲವೂ ಕೈಯ ಬಗ್ಗೆ ಕೇಳಿದರು, ಇನ್ನೇನನ್ನೂ ಕೇಳಲಿಲ್ಲ. ಕೈ ಕೂಡಿತು. ಮತ್ತೆ ಗಡ್ಡ ಬಂತು, ಮತ್ತೆ ಆ ಕುರ್ಚಿ.

ಪ್ಲಾಸ್ಟರ್ ತೆಗೆದ ವಾರ ನಾನು ಬಾಲ್ಕನಿಯಲ್ಲಿ ಸೈಕಲ್ ಬಿಚ್ಚಿದೆ. ಅದನ್ನು ಸರಿ ಮಾಡಿಟ್ಟರೆ ಅವರು ಹೊರಗೆ ಬರಬಹುದೆಂಬ ಆಸೆ. ತಟ್ಟೆಯ ಮೇಲೆ ಹಬ್‌ನಿಂದ ಹೊರಗೆ ಹರಿದ ಕೆಂಪು ಗೆರೆಗಳಿದ್ದವು. ಪ್ಯಾಡುಗಳನ್ನು ಹೊರಗೆ ತೆಗೆದೆ. ಒರಟಾಗಿರಬೇಕಾದ ಮೈ ನುಣ್ಣಗೆ ಹೊಳೆಯುತ್ತಿತ್ತು. ಮೂಸಿದೆ. ಕೊಬ್ಬರಿ ಎಣ್ಣೆ.

ಇಪ್ಪತ್ತೈದು ಡಿಗ್ರಿಗೆಲ್ಲ ಅದು ಕರಗುತ್ತದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ತಲೆಗೆ ಹಚ್ಚಿಕೊಂಡು ಬೆಳೆದವಳು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಊಟದ ಮೇಜಿನ ಮೇಲೆ, ಪೇಪರ್ ಟವೆಲ್ಲಿನಲ್ಲಿ ಪ್ಯಾಡುಗಳನ್ನಿಟ್ಟು ಅವರ ಮುಂದೆ ಸರಿಸಿದೆ.

"ತಪ್ಪು ನನ್ನದು. ಕುಂಕುಮದ ಎಣ್ಣೆ ಕರಗಿ ಇದಕ್ಕೆ ಬಂದಿದೆ. ಅದಕ್ಕೇ ಬ್ರೇಕ್ ಹಿಡಿದಿಲ್ಲ."

ಅವರು ಎಡಗೈಯಲ್ಲಿ ಒಂದು ಪ್ಯಾಡನ್ನು ತಿರುಗಿಸಿ ನೋಡಿದರು.

"ಎಣ್ಣೆ ಅಂತ ಗೊತ್ತಿರಲಿಲ್ಲ. ಹಿಡೀತಿಲ್ಲ ಅಂತ ಗೊತ್ತಿತ್ತು."

"ಯಾವಾಗ?"

"ಪಾರ್ಕಿಂಗಲ್ಲೇ. ಒಂದು ರೌಂಡ್ ಹೊಡೆದ್ನಲ್ಲ, ಆಗಲೇ. ಲಿವರ್ ಗಟ್ಟಿ ಇದೆ, ಗಾಡಿ ಮಾತ್ರ ನಿಲ್ತಿಲ್ಲ."

"ನಾನು ಅಲ್ಲೇ ಇದ್ದೆನಲ್ಲ. ಹೇಳಬಾರದಿತ್ತಾ? ಗೊತ್ತಿದ್ದೂ ಯಾಕೆ ಹೋದಿರಿ?"

"ವಾಪಸ್ ಬಂದು ಏನ್ ಮಾಡ್ಬೇಕಿತ್ತು, ಹೇಳು?"

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳಿದ್ದರು. ಆಮೇಲೆ ಎದ್ದು ತಮ್ಮ ಊಟದ ತಟ್ಟೆ ತೊಳೆದಿಟ್ಟು ಒಳಗೆ ಹೋದರು. ಬಿದ್ದದ್ದು ನನ್ನ ತಪ್ಪಿನಿಂದ ಎಂದುಕೊಂಡಿದ್ದ ಎರಡು ದಿನಗಳು ಇದಕ್ಕಿಂತ ಹಗುರವಾಗಿದ್ದವು.

ಹೊಸ ಪ್ಯಾಡು ತರಲಿಲ್ಲ. ಸೈಕಲ್ಲನ್ನು ಬಿಡಿಬಿಡಿಯಾಗಿಯೇ ಪೆಟ್ಟಿಗೆಗೆ ತುಂಬಿ ಬಾಲ್ಕನಿಯಲ್ಲಿಟ್ಟೆ. ಮರುದಿನದಿಂದ ಲ್ಯಾಬಿನಿಂದ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಮನೆಗೆ ಫೋನ್ ಮಾಡತೊಡಗಿದೆ. ಸಾಮಾನ್ಯವಾಗಿ ನಾಲ್ಕನೆಯ ರಿಂಗಿಗೆ ಎತ್ತುತ್ತಿದ್ದರು. ಒಂದು ದಿನ ಏಳು ರಿಂಗಾದರೂ ಎತ್ತಲಿಲ್ಲ. ನಾನು ಫೋನನ್ನು ಕಿವಿಗಿಟ್ಟುಕೊಂಡೇ ಕಾರಿನ ಕೀಲಿ ಹುಡುಕುತ್ತಿದ್ದೆ. ಒಂಬತ್ತನೆಯದಕ್ಕೆ ಎತ್ತಿದರು.

"ಸ್ನಾನಕ್ಕೆ ಹೋಗಿದ್ದೆ."

"ಅಕ್ಕಿ ಇದೆಯಾ, ನೋಡ್ತೀರಾ?" ಎಂದೆ.

ಅವರು ಹೋಗಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು.

"ಇದೆ," ಎಂದರು.