ಮುಳ್ಳು ಹಾಕಿದ ಮನೆಯಲ್ಲಿ ಭಾಗ್ಯಮ್ಮ

ಮಿರ್ಲೆ ಸುತ್ತಮುತ್ತ ನಾಟಿಗೆ ಹೆಣ್ಣಾಳು ಬೇಕೆಂದರೆ ಭಾಗ್ಯಮ್ಮನಿಗೇ ಫೋನು ಮಾಡಬೇಕು. ಗುಂಪು ಕಟ್ಟುವವಳು ಅವಳೇ, ಕೂಲಿ ಮಾತಾಡುವವಳು ಅವಳೇ, ಕೆಸರಿಗಿಳಿದು ಮೊದಲ ಪೈರು ನೆಡುವವಳೂ ಅವಳೇ. ಬಾಯಿ ಮಾತ್ರ ಜೋರು. ನಾಲೆ ನೀರಿಗೆ ಜಗಳ ಬಿದ್ದರೆ ಗಂಡ ಕಾಂತರಾಜು ತಾನು ಹಿಂದೆ ಸರಿದು ಹೆಂಡತಿಯನ್ನು ಮುಂದೆ ಬಿಡುತ್ತಿದ್ದ. ಅವಳು ಗೆದ್ದೇ ಬರುತ್ತಿದ್ದಳು. ಅತ್ತೆ ಚಿಕ್ಕತಾಯಮ್ಮನ ಜೊತೆ ಮಾತ್ರ ಮದುವೆಯಾದಂದಿನಿಂದ ಗುದ್ದಾಡಿಯೂ ಇಬ್ಬರಲ್ಲಿ ಯಾರೂ ಗೆದ್ದಿರಲಿಲ್ಲ.

ಕೆಲವು ವರ್ಷದ ಹಿಂದೆ ಗುಂಪಿನ ಒಬ್ಬಳ ಜೊತೆ ಕೆ.ಆರ್. ನಗರದ ಕ್ರೈಸ್ತ ಸಭೆಗೆ ಪ್ರಾರ್ಥನೆಗೆಂದು ಹೋದವಳು ಯೇಸಪ್ಪನನ್ನು ಹಿಡಿದುಕೊಂಡಳು. ಭಾಗ್ಯಮ್ಮ ಹಿಡಿದರೆ ಉಡದ ಹಿಡಿತ. ಶಿಲುಬೆಯ ಮೇಲೆ ಸತ್ತವನು ಮೂರನೇ ದಿನ ಎದ್ದು ಬಂದ, ಸೈತಾನನ ತಲೆ ಜಜ್ಜಿದ, ಸಾವನ್ನೇ ಸೋಲಿಸಿದ. ಜಗಳಗಂಟಿಗೆ ಹೇಳಿ ಮಾಡಿಸಿದ ದೇವರು! ಅತ್ತೆಗೆ ಇದು ಸೇರಲಿಲ್ಲ.

"ಸತ್ತೋರು ಎದ್ ಬತ್ತಾರಾ? ಬಂದ್ರೆ ಅದು ಗಾಳೀನೇ ಕಣಮ್ಮಿ," ಎಂದು ಮೂಗು ಮುರಿಯುತ್ತಿದ್ದಳು.

ಆ ಅತ್ತೆ ಈ ಸಲ ದೀಪಾವಳಿ ಕಳೆದ ಮೇಲೆ ತೀರಿಕೊಂಡಳು. ಪಂಚಾಂಗ ನೋಡಿದವರು ನಕ್ಷತ್ರ ಕೆಟ್ಟದ್ದು ಎಂದರು. ಮೂರು ತಿಂಗಳು ಮನೆ ಬಿಡಬೇಕು, ಇಲ್ಲವಾದರೆ ಹೋದವಳು ಇನ್ನೊಬ್ಬರನ್ನು ಕರೆದುಕೊಳ್ಳುತ್ತಾಳೆ. ಮಣ್ಣು ಮುಗಿಸಿ ಬಂದದ್ದೇ ಕಾಂತರಾಜುವಿನ ಅಣ್ಣ ಗೋವಿಂದಯ್ಯ ಯಾರೂ ಒಳಗೆ ಹೋಗದಂತೆ ಬಾಗಿಲಿಗೆ ಮುಳ್ಳು ತಂದು ಹಾಕಿದ.

ಭಾಗ್ಯಮ್ಮನ ಬಾಯಿ ಸುಮ್ಮನಿರಬೇಕಲ್ಲ. "ನಮ್ ಯೇಸಪ್ಪ ಸಾವನ್ನೇ ಗೆದ್ದೋನು ಕಣ್ ಭಾವ. ನಕ್ಷತ್ರಕ್ಕೆ ಎದ್ರುಕೊಂಡು ನಾನ್ಯಾಕೆ ಮನೆ ಬುಡ್ಲಿ?"

"ಅಂಗಾರೆ ನೀನೊಬ್ಳೇ ಇರವ್ವ. ನನ್ ತಮ್ಮ ಮಾತ್ರ ಬರಕಿಲ್ಲ," ಎಂದ ಗೋವಿಂದಯ್ಯ.

ಊರೆಲ್ಲ ನೋಡುತ್ತಿತ್ತು. ಅವಳು ಮುಳ್ಳು ಸರಿಸಿ ಒಳಗೆ ಹೋದಳು. ಗೋವಿಂದಯ್ಯ ಅದನ್ನು ಮತ್ತೆ ಅಡ್ಡಕ್ಕೆ ಎಳೆದಿಟ್ಟ. ಕಾಂತರಾಜು ತಲೆ ತಗ್ಗಿಸಿಕೊಂಡು ಅಣ್ಣನ ಮನೆಗೆ ಹೋದ.

ಆಡುವುದು ಸುಲಭ, ಇರುವುದು ಕಷ್ಟ. ಹೆಂಚಿನ ಮೇಲೆ ಬೆಕ್ಕು ನಡೆದರೂ ಭಾಗ್ಯಮ್ಮನ ಎದೆ ಧಸಕ್ ಎನ್ನುತ್ತಿತ್ತು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಅತ್ತೆ ಮಲಗುತ್ತಿದ್ದ ಮೂಲೆಯ ಕಡೆ ಬೆನ್ನು ಹಾಕಲು ಹೆದರಿಕೆ, ಮುಖ ಮಾಡಲೂ ಹೆದರಿಕೆ. "ತೊಲಗು ಸೈತಾನ!" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಹೊರಗೆ ಓಡಿಬಿಡೋಣ ಎನಿಸುತ್ತಿತ್ತು. ಆದರೆ ಓಡಿದರೆ ಸೋಲುವವಳು ತಾನಲ್ಲ, ಯೇಸಪ್ಪ. ನಾಟಿ ಗುಂಪಿನ ಹೆಂಗಸರು ನಾಳೆ ಗದ್ದೆಯಲ್ಲಿ ಅವನನ್ನು ಆಡಿಕೊಂಡು ನಗುತ್ತಾರೆ. ಅದೊಂದಕ್ಕೇ ಹಲ್ಲು ಕಚ್ಚಿಕೊಂಡಿದ್ದಳು.

ದಿನಾ ಬೆಳಿಗ್ಗೆ ಕಾಂತರಾಜು ಹಾಲಿನ ಚೊಂಬು ಹಿಡಿದು ಮುಳ್ಳಿನಾಚೆ ನಿಲ್ಲುತ್ತಿದ್ದ.

"ಏನಾದ್ರೂ ಕಾಣುಸ್ತಾ ಅಮ್ಮಿ?"

"ಏನೂ ಇಲ್ಲ. ಒಳಕ್ ಬನ್ನಿ."

ಅವನು ಬರುತ್ತಿರಲಿಲ್ಲ. ಚೊಂಬು ನೀಡಿ ಹೋಗಿಬಿಡುತ್ತಿದ್ದ. ಮಾರನೇ ದಿನ ಮತ್ತೆ ಅದೇ ಪ್ರಶ್ನೆ. ಗಂಡನೇ ಹೀಗೆ ಕೆದಕಿದರೆ ಯಾರಿಗೆ ಮೈ ಉರಿಯುವುದಿಲ್ಲ? ಒಂದು ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣಿನಲ್ಲೇ ಅವನ ಮೇಲೆ ಹರಿಹಾಯ್ದಳು.

"ನೋಡ್ಕಂಡ್ ಬಾ ಅಂತ ನಿಮ್ಮಣ್ಣ ಕಳುಸ್ತಾವ್ನಾ? ಓಗಿ ಯೋಳಿ! ದೆವ್ವ ಇಲ್ಲ, ಗಾಳಿ ಇಲ್ಲ, ನಿಮ್ಮವ್ವಾನೂ ಇಲ್ಲ!"

ಕಾಂತರಾಜು ಹೋಗಲಿಲ್ಲ. ಚೊಂಬನ್ನು ನೆಲಕ್ಕಿಟ್ಟ.

"ಒಂದ್ಸಲಾನೂ ಬರ್ನಿಲ್ವಾ ಅವ್ವ?" ಎಂದ. "ಅವ್ಳು ಓಗೋವಾಗ ನಾನು ಪಿರಿಯಾಪಟ್ಣದಲ್ಲಿದ್ದೆ. ಜೀವ ಇದ್ದಾಗ ಮೊಕ ನೋಡ್ನಿಲ್ಲ. ನೀನು ಒಳಗಿದ್ದೀಯಲ್ಲ, ಜಗಳ ಆಡಕ್ಕಾದ್ರೂ ಬತ್ತಾಳೆ ಅಂದ್ಕಂಡಿದ್ದೆ."

ಭಾಗ್ಯಮ್ಮನಿಗೆ ಈಗ ತಿಳಿಯಿತು. ಇವನು ಹೆದರಿ ಕೇಳುತ್ತಿರಲಿಲ್ಲ, ಆಸೆಯಿಂದ ಕೇಳುತ್ತಿದ್ದ. ತಾನು ಇಷ್ಟು ದಿನ ತೊಲಗು ತೊಲಗು ಎಂದು ಅರಚಿದ್ದು ಇವನ ಕಿವಿಗೆ ಹೇಗೆ ಕೇಳಿಸಿರಬೇಡ! ಬಂದಿದ್ದಳು, ನಿಮ್ಮನ್ನು ಕೇಳಿದಳು ಎಂದು ಒಂದು ಸುಳ್ಳು ಹೇಳಿದರೆ ಇವನ ಎದೆ ತಂಪಾಗುತ್ತಿತ್ತು. ನಾಲಿಗೆಯ ತುದಿಗೂ ಬಂತು. ನುಂಗಿಕೊಂಡಳು.

"ಇಲ್ಲ ಕಣ್ರೀ. ಅತ್ತೆ ಇಲ್ಲಿಲ್ಲ, ಎಲ್ಲೂ ಅಲೀತಾ ಇಲ್ಲ. ಯೇಸಪ್ಪ ಕರ್ದಾಗ ಏಳ್ತಾಳೆ. ಆವತ್ತು ನೋಡೀರಂತೆ ಮೊಕಾವ."

"ಅವ್ವ ನಿಮ್ ಯೇಸಪ್ಪನ್ನ ಬೈದೋಳಲ್ವಾ? ಅವ್ಳ್ನೂ ಎಬ್ಬುಸ್ತಾನಾ?"

ಅದಕ್ಕೆ ಸಭೆಯಲ್ಲಿ ಒಂದು ಉತ್ತರವಿತ್ತು: ನಂಬದವರಿಗೆ ನರಕ. ಜಗಳ ಕಾವೇರಿದಾಗ ಅದನ್ನು ಅತ್ತೆಯ ಮುಖಕ್ಕೇ ಎಸೆದವಳು ಭಾಗ್ಯಮ್ಮ. ಈಗ ಅದು ಬಾಯಿಗೆ ಬರಲಿಲ್ಲ. ಬರುವುದೂ ಬೇಡವೆನಿಸಿತು.

"ಎಬ್ಬುಸ್ಲೇಬೇಕು," ಎಂದಳು. "ಸಾವನ್ನೇ ಗೆದ್ದೋನಿಗೆ ನಮ್ಮತ್ತೆ ಬಾಯಿ ಯಾವ್ ಲೆಕ್ಕ? ಅವ್ಳನ್ ಬುಟ್ಟು ಬಂದ್ರೆ ನಾನು ಸುಮ್ಕಿರ್ತೀನಾ? ಅವನ್ ಜೊತೇಲೂ ಜಗಳಕ್ ನಿಂತ್ಕತೀನಿ."

ಕಾಂತರಾಜು ಅವಳನ್ನೇ ನೋಡಿದ. ಆಮೇಲೆ ಪಂಚೆ ಎತ್ತಿಕಟ್ಟಿ, ಮುಳ್ಳು ದಾಟಿ ಒಳಗೆ ಬಂದ. ಅವ್ವ ಮಲಗುತ್ತಿದ್ದ ಮೂಲೆಯಲ್ಲಿ ಕುಕ್ಕರಿಸಿ ಕೂತು, ಮಣ್ಣಿನ ದಿನವೂ ಅಳದವನು ಈಗ ಬಿಕ್ಕಿಬಿಕ್ಕಿ ಅತ್ತ. ಭಾಗ್ಯಮ್ಮ ಪಕ್ಕದಲ್ಲಿ ಕೂತಳು. ಬೀದಿಯಿಂದ ಗೋವಿಂದಯ್ಯ ತಮ್ಮನ ಹೆಸರು ಹಿಡಿದು ಕೂಗುತ್ತಿದ್ದ. ಕಾಂತರಾಜು ಏಳಲಿಲ್ಲ.