ಸೆತ್ಸುಯೊ ಮುಚ್ಚಿಟ್ಟ ಕೆಮ್ಮು

ಸೆತ್ಸುಯೊಗೆ ಅರವತ್ಮೂರು. ಶಿಮಾ ಕರಾವಳಿಯ ಆ ಊರಲ್ಲಿ ಅದೇನೂ ಮುದುಕಿಯಾಗುವ ವಯಸ್ಸಲ್ಲ. ಎಂಬತ್ತರ ಅಜ್ಜಿಯರೂ ಬೆಳಗಾದರೆ ಉಸಿರು ಕಟ್ಟಿ ಸಮುದ್ರದ ತಳಕ್ಕಿಳಿದು ಬಂಡೆಗಂಟಿದ ಅವಾಬಿ ಎಂಬ ಚಿಪ್ಪುಮೀನು ಕಿತ್ತು ತರುತ್ತಾರೆ. ಮುಳುಗಿ ಬಂದವರು ಚಳಿ ಕಾಯಿಸಿಕೊಳ್ಳುವ ಗುಡಿಸಲಿನಲ್ಲಿ ಸೌದೆ ಎಷ್ಟು ಬೇಕೋ ಸೆತ್ಸುಯೊಳ ಬಾಯಿಯೂ ಅಷ್ಟೇ ಬೇಕು. ಯಾರ ಸೊಸೆ ಅನ್ನ ಸೀಯಿಸಿದಳು, ಯಾರ ಗಂಡ ಕುಡಿದು ಚಪ್ಪಲಿ ಕಳೆದುಕೊಂಡು ಬಂದ, ಎಲ್ಲ ಸುದ್ದಿಯೂ ಅವಳಿಂದಲೇ ಹೊರಡುವುದು.

ಇಂಥ ಬಾಯಾಳಿ ತನ್ನ ಕೆಮ್ಮಿನ ಸುದ್ದಿಯನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡಳು.

ಹಿಂದಿನ ವರ್ಷ ಬೆರಳ ಗೆಣ್ಣುಗಳು ಊದಿ, ಚಿಪ್ಪು ಮೀಟುವ ಉಳಿ ಹಿಡಿಯಲಾಗದಾದಾಗ ಡಾಕ್ಟರ್ ಉರಾತಾ ವಾರಕ್ಕೊಂದು ನುಂಗುವ ಮಾತ್ರೆ ಕೊಟ್ಟಿದ್ದರು. ಸಂಧಿವಾತ ಬಾಲ ಮುದುರಿತು. ಒಣಕೆಮ್ಮೋ ಏದುಸಿರೋ ಬಂದರೆ ಆವತ್ತೇ ಬಂದು ಹೇಳಬೇಕು ಎಂದು ಅವರು ಎಚ್ಚರಿಸಿದ್ದರು, ಹೋದಾಗಲೆಲ್ಲ ಕೇಳುತ್ತಲೂ ಇದ್ದರು. ಇವಳು ಸೊಂಟ ಬಗ್ಗಿಸಿ, ನಿಮ್ಮ ದಯೆಯಿಂದ ಚೆನ್ನಾಗಿದ್ದೇನೆ ಎನ್ನುವಳು. ಅಲ್ಲಿ ಅದು ಉತ್ತರವಲ್ಲ, ಮರ್ಯಾದೆ. ಸಾಯುವವರೂ ಹಾಗೇ ಅನ್ನುತ್ತಾರೆ.

ಕೆಮ್ಮು ಶುರುವಾದದ್ದು ಮಾರ್ಚಿನಲ್ಲಿ. ಮರಗಳ ಪರಾಗ ಹಾರುವ ಕಾಲ; ಊರಿಗೆ ಊರೇ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಸೀನುತ್ತಿತ್ತು. ಆ ಗದ್ದಲದಲ್ಲಿ ಇವಳದೂ ಸೇರಿಹೋಯಿತು. ಮೇ ಹೊತ್ತಿಗೆ ಎಲ್ಲರ ಮಾಸ್ಕ್ ಇಳಿದರೂ ಇವಳ ಕೆಮ್ಮು ಇಳಿಯಲಿಲ್ಲ.

ಕೆಮ್ಮನ್ನು ಅಡಗಿಸಬಹುದು, ಸಿಳ್ಳೆಯನ್ನು ಅಡಗಿಸುವುದು ಹೇಗೆ? ನೀರಿನಿಂದ ಮೇಲೆದ್ದವರು ತುಟಿ ಸೇರಿಸಿ ಉಸಿರು ಬಿಡುವಾಗ ಸಿಳ್ಳೆ ಬರುತ್ತದೆ, ಒಬ್ಬೊಬ್ಬರದು ಒಂದೊಂದು ದನಿ. ಸೆತ್ಸುಯೊಳ ಉದ್ದನೆಯ ಸಿಳ್ಳೆ ಅರ್ಧಕ್ಕೇ ತುಂಡಾಗತೊಡಗಿತು. ಉಸಿರು ಸಾಲದವಳನ್ನು ಮುಳುಗುವವರ ಸಂಘದವರು ದಡದಲ್ಲಿ ಕೂರಿಸುತ್ತಾರೆ. ಆ ಭಯಕ್ಕೆ ಇವಳು ತಲೆಯಷ್ಟೇ ನೀರಲ್ಲಿ ಅದ್ದಿ, ಎದ್ದು, ಉದ್ದಕ್ಕೆ ಸಿಳ್ಳೆ ಹಾಕುವ ನಾಟಕ ಕಲಿತಳು. ಬುಟ್ಟಿ ಖಾಲಿ ಯಾಕೆಂದು ಕೇಳಿದರೆ, ಅವಾಬಿಗಳು ರಜೆ ಹಾಕಿವೆ ಎನ್ನುತ್ತಿದ್ದಳು.

ಜೂನಿನಲ್ಲಿ ತಂಗಿ ಫುಜಿಯೆಯ ಬೆರಳುಗಳೂ ಊದಿದವು. ಅವಳೂ ಮುಳುಗುವವಳೇ, ಅಕ್ಕನ ಪಕ್ಕದಲ್ಲೇ. ಇಬ್ಬರೂ ಬಸ್ಸು ಹತ್ತಿ ಡಾಕ್ಟರ ಹತ್ತಿರ ಹೋದರು.

"ನನಗೂ ಅಕ್ಕನ ಮಾತ್ರೆನೇ ಕೊಡಿ ಡಾಕ್ಟ್ರೇ. ಅದನ್ನ ನುಂಗಿ ಹೇಗೆ ಗುಂಡುಕಲ್ಲು ಥರ ಇದಾಳೆ ನೋಡಿ," ಎಂದಳು ಫುಜಿಯೆ.

ಉರಾತಾ ಸೆತ್ಸುಯೊ ಕಡೆ ತಿರುಗಿದರು. "ನಿಮಗೆ ಒಗ್ಗಿದೆ ಅಲ್ವಾ? ಈ ಮಾತ್ರೆ ಕೆಲವರ ಶ್ವಾಸಕೋಶಕ್ಕೆ ಆಗಿಬರಲ್ಲ. ನಮ್ಮ ದೇಶದವರಲ್ಲಿ ಅಂಥವರು ಜಾಸ್ತಿ, ಹುಟ್ಟಿನಿಂದ ಬಂದ ಗುಣ ಇರಬಹುದು ಅಂತಾರೆ. ಅಕ್ಕತಂಗೀರದು ಒಂದೇ ರಕ್ತ, ಅದಕ್ಕೇ ಕೇಳ್ತಿದೀನಿ."

ನಿಮ್ಮ ದಯೆಯಿಂದ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಂದುಬಿಟ್ಟರೆ ಸಮುದ್ರ ತನಗೆ ಉಳಿಯುತ್ತದೆ. ಪಕ್ಕದಲ್ಲಿ ತಂಗಿ ಕೂತಿದ್ದಾಳೆ. ಸೆತ್ಸುಯೊಗೆ ಜೀವನದಲ್ಲಿ ಮೊದಲ ಬಾರಿಗೆ ಮಾತು ಕಷ್ಟವಾಯಿತು.

"ಕೆಮ್ಮಿದೆ ಡಾಕ್ಟ್ರೇ. ಮಾರ್ಚಿಂದ. ಮೆಟ್ಟಿಲು ಹತ್ತಿದ್ರೂ ಉಸಿರು ಸಿಗಲ್ಲ. ಇವಳಿಗೆ ಅದನ್ನ ಕೊಡಬೇಡಿ."

ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಬುಡಕ್ಕೆ ಮಂಜು ಕವಿದಿತ್ತು. ಉರಾತಾ ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ನಾಚಿಕೆ ತಂದಿತು. ಮಾತ್ರೆ ಇವತ್ತಿಗೇ ಬಂದ್, ನಾಳೆಯೇ ದೊಡ್ಡಾಸ್ಪತ್ರೆಗೆ ಸೇರಬೇಕು, ಓಡಾಡುವಷ್ಟು ಉಸಿರು ಮರಳುತ್ತದೆ, ಮುಳುಗುವಷ್ಟು ಬರಲಾರದು ಎಂದರು. ಫುಜಿಯೆಗೆ ಬೇರೆ ಔಷಧಿ ಬರೆದುಕೊಟ್ಟರು.

ವಾಪಸು ಬಸ್ಸಿನಲ್ಲಿ ಫುಜಿಯೆ ಕಿಟಕಿ ನೋಡುತ್ತ ಹೇಳಿದಳು, "ತಲೆ ಮಾತ್ರ ಅದ್ದಿ ಸಿಳ್ಳೆ ಹಾಕ್ತೀಯಲ್ಲ, ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಕೇಳಿದ್ರೆ ನೀನು ಒಪ್ಕೋತಿರಲಿಲ್ಲ. ಡಾಕ್ಟ್ರ ಎಚ್ಚರಿಕೆ ನನಗೂ ಗೊತ್ತಿತ್ತು, ಅದಕ್ಕೇ ನಿನ್ನ ಮಾತ್ರೆ ಕೇಳ್ದೆ, ಆಗಲಾದ್ರೂ ಬಾಯಿ ಬಿಡ್ತೀಯ ಅಂತ."

ಸೆತ್ಸುಯೊಗೆ ಸಿಟ್ಟು ನೆತ್ತಿಗೇರಿತು, ಮರುಕ್ಷಣವೇ ಇಳಿಯಿತು. "ನಾನು ಬಾಯಿ ಬಿಡದೇ ಇದ್ದಿದ್ರೆ?"

"ನುಂಗ್ತಿದ್ದೆ."

ಸೆತ್ಸುಯೊ ತಂಗಿಯ ಕೈ ಹಿಡಿದಳು. ಬೆರಳು ನೋಯುತ್ತೆ ಬಿಡಕ್ಕ ಎಂದು ಅವಳು ಗೊಣಗಿದರೂ, ಊರು ಬರುವವರೆಗೆ ಅಕ್ಕ ಬಿಡಲಿಲ್ಲ.